ಎಣ್ಣೆ ಇರಬೇಕಾದಲ್ಲಿ ಗ್ರೀಸು

ಫೆಬ್ರುವರಿ 17, ಸೋಮವಾರ

ಮಲ್ಲಿಕಾರ್ಜುನ ಸರ್ ತಪ್ಪು ಮಾಡಿದ್ದಾರೆ. ತಮ್ಮ ಹೊಸ ಮನೆಯ ಪೋರ್ಚಿನ ಬಿಳಿ ಟೈಲ್ಸಿನ ಮೇಲೆ ಕಪ್ಪು ಹನಿ ಬೀಳಬಾರದೆಂದು ಹಳೆಯ ಜೀಪಿನ ಸ್ಟೇರಿಂಗ್ ಬಾಕ್ಸಿಗೆ ಗೇರ್ ಆಯಿಲ್ ಹಾಕಿಸದೆ ಗ್ರೀಸು ತುಂಬಿಸಿದ್ದಾರೆ. ಅದರಿಂದ ಇವತ್ತು ಕಾಳವ್ವತ್ತಿಯ ಕೈ ಮುರಿದಿದೆ. ಬೇರೆ ಏನು ಬರೆಯುವುದಕ್ಕೂ ಮೊದಲು ಇದನ್ನು ಬರೆಯಬೇಕಿತ್ತು.

ಈಗ ನಡೆದದ್ದನ್ನು ಪೊಲೀಸರ ಮುಂದೆ ಹೇಳುವ ಹಾಗೆ ಬರೆಯುತ್ತೇನೆ. ನಾಳೆ ಯಾರಾದರೂ ತಿರುಚಿದರೆ ನನಗೇ ನೆನಪಿರಬೇಕು. ನಮ್ಮ ಇಟ್ಟಂಗಿಹಾಳದ ಹೆಣ್ಣುಮಕ್ಕಳು ತಿಕೋಟಾದ ಆಚೆ ಇರುವ ಸರ್ ಅವರ ದ್ರಾಕ್ಷಿ ತೋಟಕ್ಕೆ ದಿನಾ ಆ ಜೀಪಿನಲ್ಲೇ ಹೋಗುತ್ತಾರೆ. ಅವ್ವನೂ ಹೋಗುತ್ತಾಳೆ. ಓಡಿಸುವವನು ಅಪ್ಪ. ಇವತ್ತು ಬಬಲೇಶ್ವರ ಕಡೆಯ ದಾರಿ ಹಿಡಿದು ಕಾಲುವೆಯ ತಿರುವಿಗೆ ಬಂದಾಗ ಅಪ್ಪ ಎಡಕ್ಕೆ ತಿರುವಿದ. ತಿರುವಿದ ಸ್ಟೇರಿಂಗ್ ಹಿಂದಕ್ಕೆ ಬರಲೇ ಇಲ್ಲ. ಜೀಪು ಜಾಲಿಕಂಟಿಯ ತಗ್ಗಿಗೆ ಇಳಿಯಿತು. ಹಿಂದಿನ ಬಾಗಿಲ ಹತ್ತಿರ ಕುಳಿತಿದ್ದ ಕಾಳವ್ವತ್ತಿ ಕೆಳಗೆ ಬಿದ್ದಳು. ಮುಂಗೈ ಎಲುಬು ಮುರಿದಿದೆ. ಅವ್ವನ ಮೊಣಕಾಲು ಕೆತ್ತಿದೆ.

ಸರ್ ಕಾರು ತಗೊಂಡು ಬಂದರಂತೆ. ಅವ್ವ ಅದನ್ನು ನಗುತ್ತಾ ಹೇಳಿದಳು. ನಗುತ್ತಾ! "ಮೊದಲ ಜೀಪಿಗಿ ಏನ ಹತ್ತಿತು ಅಂತ ಸುತ್ತ ತಿರಗಿ ಸವರಿದ್ರು. ಆಮ್ಯಾಲ ಕಾಳವ್ವನ್ನ ಮಾತಾಡಿಸಿದ್ರು."

ಕೊನೆಗೆ ಎಲ್ಲರ ಎದುರಿಗೆ ಅಪ್ಪನನ್ನು ಕೇಳಿದರಂತೆ, "ರಾಜಾರಾಮ, ನಿದ್ದಿ ಹತ್ತಿತ್ತೇನು?"

ಗ್ರೀಸಿನ ಮಾತನ್ನು ಅಪ್ಪ ಹೇಳಿದ್ದು ಮನೆಗೆ ಬಂದ ಮೇಲೆ, ನನ್ನೊಬ್ಬಳ ಹತ್ತಿರ.

ಈ ಸರ್ ನಿವೃತ್ತ ಪ್ರಿನ್ಸಿಪಾಲರು. ಹೋದ ವರ್ಷ ಕಾರ್ಮಿಕರ ದಿನ ವಿಜಯಪುರದಲ್ಲಿ ದುಡಿಮೆಯ ಘನತೆಯ ಬಗ್ಗೆ ಭಾಷಣ ಮಾಡಿದ್ದರು. ನಾನು ಕೆಲಸ ಮಾಡುವ ಝೆರಾಕ್ಸ್ ಅಂಗಡಿಗೆ ರಜೆ ಹಾಕಿ ಹೋಗಿ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ಹೊಡೆದಿದ್ದೆ. ಆ ಕೈಗಳನ್ನು ಈಗ ಏನು ಮಾಡಲಿ?

ಫೆಬ್ರುವರಿ 18, ಮಂಗಳವಾರ

ಬೆಳಿಗ್ಗೆ ಊಟಕ್ಕೆ ಕುಳಿತಾಗ ಅಪ್ಪನನ್ನು ಕೇಳಿಯೇ ಬಿಟ್ಟೆ. ಗ್ರೀಸು ಹಾಕಿದರೆ ಏನಾಗುತ್ತದೆ, ಸರಿಯಾಗಿ ಹೇಳು.

ಅವನು ತಟ್ಟೆಯಲ್ಲಿದ್ದ ಗಟ್ಟಿ ಝುಣಕದ ನಡುವೆ ಬೆರಳು ಎಳೆದ. ಗೆರೆ ಬಿತ್ತು. "ಇದು ಗ್ರೀಸು. ನೋಡು, ದಾರಿ ಬಿದ್ದಿದ್ದು ಮತ್ತ ಕೂಡೂದಿಲ್ಲ." ಆಮೇಲೆ ಸಾರಿನ ಬಟ್ಟಲಲ್ಲಿ ಬೆರಳಾಡಿಸಿದ. "ಇದು ಆಯಿಲ್. ಬೆರಳ ಹ್ವಾದಲ್ಲೆ ಹಿಂದ ಬರತೈತಿ."

ಸ್ಟೇರಿಂಗ್ ದಂಡದ ಕೆಳತುದಿಗೆ ಆ ಬಾಕ್ಸು ಇರುತ್ತದೆ. ಒಳಗೆ ದೊಡ್ಡ ಸ್ಕ್ರೂವಿನ ಹಾಗೆ ಸುತ್ತು ಸುತ್ತು ಕೊರೆದ ಕಬ್ಬಿಣ, ಆ ಸುತ್ತಿನಲ್ಲಿ ಓಡಾಡುವ ಎರಡು ಗೂಟ. ಗೂಟ ಓಡಾಡಿದಂತೆ ಗ್ರೀಸು ಬದಿಗೆ ಸರಿದು ಅಲ್ಲೇ ಕೂರುತ್ತದೆ. ತಿಕ್ಕಾಡುವ ಜಾಗ ಒಣಗುತ್ತದೆ. ಆಯಿಲ್ ಹಾಕಿದರೆ ಕೆಳಗಿನ ಸವೆದ ಸೀಲಿನಿಂದ ಸೋರುತ್ತದೆ. ಸೀಲು ಹೊಸದು ಹಾಕಬೇಕು. ಅದನ್ನು ಮಾಡುವ ಬದಲು ಗ್ರೀಸು.

"ಗ್ರೀಸ ತುಂಬಿದಾವ್ರು ಯಾರು?"

"ನಾನ."

ನನಗೆ ಕೇಳಿದ್ದು ಸರಿಯೇ ಎಂದು ಮತ್ತೆ ಕೇಳಿದೆ.

"ನಾನ ಬೇ. ಸರ್ ಹೇಳಿದ್ರು, ತುಂಬಿದೆ. ಎರಡ ವರ್ಷ ಆತು. ಮೊನ್ನಿ ಸ್ಟೇರಿಂಗ್ ಭಾಳ ಆಟ ಆಡಾಕತ್ತಿತ್ತು ಅಂತ ಮ್ಯಾಲಿನ ಸ್ಕ್ರೂ ಅರ್ಧ ಸುತ್ತ ಬಿಗಿ ಮಾಡೇನಿ. ಅದೂ ಹಿಡಕೊಂಡಿರಬೇಕು."

"ಒಣಗತೈತಿ ಅಂತ ಗೊತ್ತಿದ್ದೂ?"

"ಗೊತ್ತಿತ್ತು."

ಝುಣಕಕ್ಕೆ ರೊಟ್ಟಿ ಹಚ್ಚಿ ಉಣ್ಣತೊಡಗಿದ. ನಾನು ತಟ್ಟೆ ಸರಿಸಿ ಎದ್ದೆ. ಆಜ್ಞೆ ಪಾಲಿಸುವ ಕೈ ಇಲ್ಲದಿದ್ದರೆ ಆಜ್ಞೆ ಕೊಡುವ ಬಾಯಿ ಏನು ಮಾಡೀತು ಎಂದು ಒಂದು ಕರಪತ್ರದಲ್ಲಿ ಓದಿದ್ದೆ. ಆ ಕೈ ನಮ್ಮ ಮನೆಯಲ್ಲೇ ಉಣ್ಣುತ್ತಿತ್ತು. ಇನ್ನು ಮುಂದೆ ಈ ಪುಟಗಳಲ್ಲಿ ಅವನನ್ನು ಅಪ್ಪ ಎಂದು ಬರೆಯುವುದಿಲ್ಲ. ಡ್ರೈವರ್ ಎಂದೇ ಬರೆಯುತ್ತೇನೆ.

ಫೆಬ್ರುವರಿ 20, ಗುರುವಾರ

ಜೀಪನ್ನು ಎಳೆದು ತಂದು ತೊಳೆದು ಮತ್ತೆ ಓಡಿಸುತ್ತಿದ್ದಾರೆ. ಡ್ರೈವರ್ ಬಿಗಿ ಮಾಡಿದ್ದ ಸ್ಕ್ರೂ ತುಸು ಸಡಿಲಿಸಿದ್ದಾನೆ. ಅದೇ ಗ್ರೀಸು, ಅದೇ ಹೆಣ್ಣುಮಕ್ಕಳು.

ಕಾಳವ್ವತ್ತಿಯ ಮನೆಗೆ ಹೋದೆ. ಪ್ಲಾಸ್ಟರ್ ಹಾಕಿದ ಕೈಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಸ್ಟೇರಿಂಗ್ ಡಬ್ಬಿ ಹಿಡಿದುಕೊಂಡದ್ದು ಅಪಘಾತವಲ್ಲ ಅತ್ತಿ, ಇದು ವ್ಯವಸ್ಥೆ, ಇದರ ವಿರುದ್ಧ ನೀನು ಮಾತಾಡಬೇಕು ಎಂದೆ. ಶೋಷಣೆಯ ಬೇರು ಎಲ್ಲಿದೆ ಎಂದು ಮೊದಲಿನಿಂದ ವಿವರಿಸಿದೆ.

ಅವಳು ಎಲ್ಲ ಕೇಳಿ ಹೇಳಿದ್ದು ಇಷ್ಟು: "ಕೈ ಕೂಡತೈತಿ ಯಶೋಧರಾ. ಆ ಡಬ್ಬಿ ರಿಪೇರಿ ಮಾಡಸ್ರಿ ಅನ್ನು ಮೊದಲ. ನಾಳಿ ಅದರಾಗ ನಿಮ್ಮವ್ವ ಹೋಗಾಕಿ."

ರಿಪೇರಿ! ಮುರಿದ ಕೈ ಇಟ್ಟುಕೊಂಡು ರಿಪೇರಿಯ ಮಾತು. ಸಿಟ್ಟು ನೆತ್ತಿಗೇರಿತು. ಜನ ನಿದ್ದೆಯಲ್ಲಿದ್ದಾರೆ. ಯಾರಾದರೂ ಎಬ್ಬಿಸಬೇಕು, ಅವರು ಬೈದರೂ ಸರಿ.

ಫೆಬ್ರುವರಿ 21, ಶುಕ್ರವಾರ

ಕರಪತ್ರ ಬರೆದೆ. ಊಟ ಮಾಡದೆ, ಅಂಗಡಿಯ ಕಂಪ್ಯೂಟರಿನಲ್ಲಿ ನಾನೇ ಅಕ್ಷರ ಜೋಡಿಸಿದೆ. ಶೀರ್ಷಿಕೆ: "ಘನತೆಯ ಮುಖವಾಡದ ಹಿಂದೆ." ಊಳಿಗಮಾನ್ಯ ಕಾಲದಿಂದ ಶುರು ಮಾಡಿ ಇವತ್ತಿನ ದ್ರಾಕ್ಷಿ ತೋಟದವರೆಗೆ ತಂದಿದ್ದೇನೆ. ಸರ್ ಹೆಸರು ಮೂರು ಸಲ ಬರುತ್ತದೆ, ಕೊನೆಗೆ ನನ್ನದು. ಸ್ಕ್ರೂವಿನ ಮಾತು ಹಾಕಲಿಲ್ಲ, ಅದು ಶತ್ರುವಿನ ಕೈಗೆ ಕಲ್ಲು ಕೊಟ್ಟಂತೆ. ಗ್ರೀಸು ಎಂಬ ಮಾತನ್ನೂ ಬರೆದು ಅಳಿಸಿದೆ. ಇಂಥ ದೊಡ್ಡ ಅನ್ಯಾಯದ ನಡುವೆ ಆ ಮಾತು ಬಹಳ ಚಿಕ್ಕದಾಗಿ ಕಂಡಿತು.

ಇಷ್ಟು ದಿನ ಪ್ರತಿ ಸಂಘಟನೆಯ ಕರಪತ್ರದಲ್ಲೂ ಒಂದೊಂದು ಪ್ರತಿ ತೆಗೆದಿಟ್ಟುಕೊಂಡು ಓದಿದವಳು ನಾನು. ಪಿಯುಸಿ ಆದ ಮೇಲೆ ಅದೇ ನನ್ನ ಕಾಲೇಜು. ಇವತ್ತು ಯಂತ್ರದಿಂದ ನನ್ನದೇ ಬಿಸಿ ಬಿಸಿಯಾಗಿ ಹೊರಬಿತ್ತು. ಸಂಜೆ ಅಥಣಿ ರಸ್ತೆಯ ಹೊಸ ಲೇಔಟಿನಲ್ಲಿ, ಸರ್ ಮನೆಯ ಗೇಟಿನ ಎದುರಿನ ಕಂಬಕ್ಕೇ ಅಂಟಿಸಿದೆ. ಆಮೇಲೆ ತಿಕೋಟಾ ಬಸ್ ನಿಲ್ದಾಣದಲ್ಲಿ.

ಫೆಬ್ರುವರಿ 23, ಭಾನುವಾರ

ಡ್ರೈವರನನ್ನು ತೆಗೆದುಹಾಕಿದ್ದಾರೆ. ಫೋನಿನಲ್ಲಿ, ಒಂದೇ ಮಾತಿನಲ್ಲಿ. "ಮಗಳ ಕಡಿಂದ ಬರಸೂದೆಲ್ಲಾ ಬರಸು, ನನ್ನ ಜೀಪ ಮುಟ್ಟಬ್ಯಾಡ."

ಅವನು ಫೋನು ಇಟ್ಟು ಅಂಗಳಕ್ಕೆ ಹೋಗಿ ಕೈ ತೊಳೆದುಕೊಂಡ. ಕೊಳೆ ಇರಲಿಲ್ಲ, ಆದರೂ ತೊಳೆದುಕೊಂಡ.

ಅವ್ವ ನನ್ನ ಕಡೆ ನೋಡಲಿಲ್ಲ. ಯಾರೂ ಬೈಯಲಿಲ್ಲ. ಬೈದಿದ್ದರೆ ಉತ್ತರ ಸಿದ್ಧವಿತ್ತು.

ಫೆಬ್ರುವರಿ 25, ಮಂಗಳವಾರ

ಹೊಸ ಡ್ರೈವರ್ ಬಂದಿದ್ದಾನೆ. ಹೆಸರು ಅಮೋಘಿ, ಕಾಖಂಡಕಿಯವನು, ಇಲ್ಲಿಯವರೆಗೆ ಟ್ರ್ಯಾಕ್ಟರ್ ಓಡಿಸಿದವನು. ಅವನು ಬರುವ ಹೊತ್ತಿಗೆ ನಮ್ಮ ಕ್ರಾಸಿಗೆ ಹೋಗಿ ಜಗಳ ತೆಗೆಯಬೇಕು ಎಂದುಕೊಂಡು ಹೋದೆ. ಇನ್ನೊಬ್ಬ ಬಡವನ ಅನ್ನದ ಮೇಲೆ ಬಂದು ಕೂರಲು ನಾಚಿಕೆಯಾಗುವುದಿಲ್ಲವೇ ಎಂದು ಕೇಳಬೇಕಿತ್ತು.

ನನಗಿಂತ ಮೊದಲು ಅಪ್ಪ ಅಲ್ಲಿದ್ದ. ಜೀಪಿನ ಬಾಗಿಲಿಗೆ ಕೈ ಆನಿಸಿ ಅಮೋಘಿಗೆ ಹೇಳುತ್ತಿದ್ದ.

"ಕಾಲುವಿ ತಿರುವು ಬರತೈತಲ್ಲ, ಅಲ್ಲಿ ಒಮ್ಮಿಗೆಲೇ ತಿರುವಬ್ಯಾಡ. ಎರಡನೇ ಗೇರಿಗಿ ಬಂದು ಸಾವಕಾಶ ತಿರುವು. ನಡಕ ಹಿಡದಂಗಾತು ಅಂದ್ರ ಜಗ್ಗಬ್ಯಾಡ, ತುಸು ಹಿಂದ ಬಿಟ್ಟು ಮತ್ತ ತಿರುವು."

"ಎಮ್ಮಿ ಕೋಡ ಹಿಡದಂಗ ಆಗತೈತಿ ರಾಜಾರಾಮಣ್ಣ. ರಟ್ಟಿ ಸೇದ್ಯಾವು," ಎಂದ ಅಮೋಘಿ.

"ಎದರಿಗಿ ಲಾರಿ ಬಂದ್ರ ನೀನ ನಿಂದರು. ಅವರು ಹಾರ್ನ್ ಹೊಡೀಲಿ, ಬೈಲಿ."

ಅಮೋಘಿ ನನ್ನನ್ನು ಕಂಡು, "ಏನ ತಂಗಿ, ಚೀಟಿ ಬರದಾಕಿ ನೀನ ಹೌದಿಲ್ಲೊ?" ಎಂದ. "ಬಸ್‌ಸ್ಟ್ಯಾಂಡಿನ್ಯಾಗ ಪೂರಾ ಓದೇನಿ. ಅದರಾಗ ಸ್ಟೇರಿಂಗಿನ ಸುದ್ದಿನ ಇಲ್ಲಲ್ಲ. ಹಿಂಗೈತಿ ಅಂತ ಗೊತ್ತಿದ್ರ ನಾ ಬರತಿದ್ದಿಲ್ಲ."

ನಾನು ಜಗಳ ತೆಗೆಯದೆ ಬದಿಗೆ ಸರಿದು ಜೀಪಿಗೆ ದಾರಿ ಬಿಟ್ಟೆ. ಜೀಪು ಹೋದ ಮೇಲೆ ಅಪ್ಪನ ಮೇಲೆ ಹರಿಹಾಯ್ದೆ. "ನಿನ್ನ ಕೆಲಸ ಕಸಗೊಂಡಾವಗ ನಿಂತ ಪಾಠ ಹೇಳತಿಯಲ್ಲ, ನಿನಗ ಮಾನ ಐತೇನು?"

ಅವನು ಜೀಪು ಹೋದ ದಾರಿಯನ್ನೇ ನೋಡುತ್ತಿದ್ದ. "ಒಳಗ ನಿಮ್ಮವ್ವ ಕುಂತಿರತಾಳಲ್ಲ ಬೇ," ಎಂದ.

ಅಂಗಡಿಗೆ ತಡವಾಗಿ ಹೋದೆ. ಮದುವೆ ಪತ್ರಿಕೆಯ ಅಕ್ಷರ ತಪ್ಪು ಜೋಡಿಸಿ ಬೈಸಿಕೊಂಡೆ.

ಫೆಬ್ರುವರಿ 26, ಬುಧವಾರ

ಶಿವರಾತ್ರಿ. ಊರಿಗೆಲ್ಲ ರಜೆ, ಹಣ್ಣು ಕಡಿಯುವವರಿಗೆ ಇಲ್ಲ. ಅಕ್ಕಪಕ್ಕದವರು ಉಪವಾಸ ಮಾಡಿ ಹೋದರು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಆದರೂ ಜೀಪು ವಾಪಸು ಬರುವವರೆಗೆ ನನಗೆ ಏನೂ ಉಣ್ಣಲಾಗಲಿಲ್ಲ.

ಫೆಬ್ರುವರಿ 28, ಶುಕ್ರವಾರ

ಅಪ್ಪನ ಜೊತೆ ತಿಕೋಟಾದ ಖಂಡಪ್ಪನ ಗ್ಯಾರೇಜಿಗೆ ಹೋಗಿದ್ದೆ. ಆ ಜೀಪಿನ ಬಾಕ್ಸಿಗೆ ಏನು ಹಾಕಬೇಕು ಎಂದು ನೇರವಾಗಿ ಕೇಳಿದೆ.

"ಆಯಿಲ್," ಎಂದ ಖಂಡಪ್ಪ, ಇದೇನು ಕೇಳುವ ಮಾತೇ ಎಂಬಂತೆ. "ಸೀಲು, ಬುಷ್ಷು ಹೊಸಾವ ಹಾಕಬೇಕು, ಆಯಿಲ್ ತುಂಬಬೇಕು. ಸರ್‌ಗೂ ಗೊತ್ತೈತಿ. ಅವ್ರ ಕಡೆ ಆ ಜೀಪಿಂದು ಪುಸ್ತಕನ ಐತಿ."

"ಹಂಗಾರ ಗ್ರೀಸ ಯಾಕ?"

"ಎಲ್ಲಾರೂ ಗ್ರೀಸನ ತುಂಬತಾರವ್ವಾ. ಸೋರೂದಿಲ್ಲ, ಬಿಚ್ಚೂ ಕೆಲಸ ಇಲ್ಲ. ಹೇಳಿದ್ದ ಮಾಡಿ ಕೊಡತೇವಿ."

ನನಗೆ ಕೂಗಬೇಕೆನ್ನಿಸಿತು. ಸರ್‌ಗೆ ಗೊತ್ತು, ಖಂಡಪ್ಪನಿಗೆ ಗೊತ್ತು, ಅಪ್ಪನಿಗೆ ಗೊತ್ತು. ಗೊತ್ತಿಲ್ಲದೆ ಅದರಲ್ಲಿ ಕುಳಿತವರು ಹೆಣ್ಣುಮಕ್ಕಳು ಮಾತ್ರ. ಅವರಿಗೆ ತಿಳಿಸುವ ಹಾಳೆ ನನ್ನ ಕೈಯಲ್ಲಿತ್ತು, ಅದರಲ್ಲಿ ನಾನು ಊಳಿಗಮಾನ್ಯ ಕಾಲದ ಬಗ್ಗೆ ಬರೆದೆ.

ಇದನ್ನು ಇಲ್ಲಿ ಬರೆಯುತ್ತಿದ್ದೇನೆ, ಯಾರಿಗೂ ಹೇಳುವುದಿಲ್ಲ. ಸರ್ ಮೇಲಿನ ಸಿಟ್ಟು ಇದರಿಂದ ಒಂದು ಗುಂಜಿಯೂ ಕಡಿಮೆಯಾಗಿಲ್ಲ.

ಮಾರ್ಚ್ 3, ಸೋಮವಾರ

ಸ್ಟೇರಿಂಗ್ ಮತ್ತೆ ಹಿಡಿದುಕೊಂಡಿತು. ಅದೇ ತಿರುವು. ಎದುರಿಗೆ ಹಣ್ಣಿನ ಟೆಂಪೊ. ಅಮೋಘಿ ಅಪ್ಪ ಹೇಳಿದ ಹಾಗೆ ಎರಡನೇ ಗೇರಿನಲ್ಲಿದ್ದ, ಬ್ರೇಕು ಒತ್ತಿ ನಿಲ್ಲಿಸಿದ. ಟೆಂಪೊ ಕೂದಲೆಳೆಯಲ್ಲಿ ತಪ್ಪಿತು. ಹೆಣ್ಣುಮಕ್ಕಳು ಇಳಿದು ತೋಟದವರೆಗೆ ನಡೆದರು.

ಸಂಜೆ ಅವ್ವ ಒಲೆ ಹಚ್ಚುವಾಗ ಕಡ್ಡಿ ಗೀರಲು ಆಗಲಿಲ್ಲ. ಕೈ ಅಷ್ಟು ನಡುಗುತ್ತಿತ್ತು. ನಾನು ಪೆಟ್ಟಿಗೆ ತೆಗೆದುಕೊಂಡು ಹಚ್ಚಿದೆ. ಅಪ್ಪ ನೋಡುತ್ತಾ ಕುಳಿತಿದ್ದ.

ಆಮೇಲೆ ನಾವು ಮೂವರೂ ಕಾಳವ್ವತ್ತಿಯ ಮನೆಗೆ ಹೋದೆವು. ಜೀಪಿನಲ್ಲಿ ಹೋಗುವ ಸುಗರಾಬಿ ಚಿಗವ್ವನೂ ಉಳಿದವರೂ ಬಂದರು. ನಾನು ಝುಣಕ ಮತ್ತು ಸಾರು ತರಿಸಿ ಬೆರಳಾಡಿಸಿ ತೋರಿಸಿದೆ. ನಾಲ್ಕು ಮಾತಿನಲ್ಲಿ ಮುಗಿಯಿತು. ಯಾರೂ ಆಕಳಿಸಲಿಲ್ಲ.

ಮಾರ್ಚ್ 5, ಬುಧವಾರ

ಇವತ್ತಿನದು ಪೂರ್ತಿ ಬರೆಯಬೇಕು.

ನಿನ್ನೆ ಬಾರದ ಜೀಪು ಬೆಳಿಗ್ಗೆ ಕ್ರಾಸಿಗೆ ಬಂತು. ಯಾರೂ ಏರಲಿಲ್ಲ. ಕೆಲಸಕ್ಕೆ ಹೋಗಲಾಗದ ಕಾಳವ್ವತ್ತಿ ಪ್ಲಾಸ್ಟರ್ ಕೈ ಎದೆಗೆ ಕಟ್ಟಿಕೊಂಡು ಬಂದು ಜೀಪಿನ ಮುಂದೆ ನಿಂತಳು. ನಾನು ಬರೆದುಕೊಂಡು ಬಂದಿದ್ದ ಭಾಷಣ ತೆಗೆದೆ.

"ಅದನ್ನ ಆಮ್ಯಾಲ ಓದು," ಎಂದಳು. "ಮೊದಲ ಆ ಡಬ್ಬಿ ಬೂಚ ಬಿಚ್ಚಸು."

ಅಮೋಘಿ ಬಾನೆಟ್ಟು ಎತ್ತಿದ. ಅಪ್ಪ ಮುಟ್ಟಲಿಲ್ಲ. ಮುಟ್ಟಬೇಡ ಎಂದಿದ್ದರಲ್ಲ, ದೂರ ನಿಂತು ಪಾನಾ ಎಲ್ಲಿಗೆ ಹಾಕಬೇಕು ಎಂದು ಹೇಳಿದ. ಬೂಚು ಬಿಚ್ಚಿದ ಮೇಲೆ ಸೈಕಲ್ಲಿನ ಕಡ್ಡಿಯನ್ನು ನಾನೇ ಒಳಗಿಳಿಸಿದೆ. ಬದಿಗೆ ಹೊರಳಿಸಿದಾಗ ಗ್ರೀಸು ಗಟ್ಟಿಯಾಗಿ ಹತ್ತಿತು. ನಡುವೆ ನೇರ ಇಳಿಸಿದಾಗ ಕಡ್ಡಿಯ ತುದಿಗೆ ಬಂದದ್ದು ತುಕ್ಕಿನ ಬಣ್ಣದ ಒಣ ಪುಡಿ. ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು. ಅವ್ವ ಆ ಪುಡಿಯನ್ನು ಎರಡು ಬೆರಳ ನಡುವೆ ತಿಕ್ಕಿ, ಸೀರೆಗೆ ಒರೆಸಿಕೊಂಡು ರಸ್ತೆಯ ಬದಿಯ ಕಲ್ಲಿನ ಮೇಲೆ ಕುಳಿತಳು. ಒಬ್ಬೊಬ್ಬರಾಗಿ ಎಲ್ಲರೂ ಕುಳಿತರು.

ಹಣ್ಣು ಬಳ್ಳಿಯ ಮೇಲೆ ಕಾಯುವುದಿಲ್ಲ. ಅಮೋಘಿ ಫೋನು ಮಾಡಿದ, ಸರ್ ಬಂದರು.

"ಏನ ಯಶೋಧರಾ, ಇದು ನಿನ್ನ ನಾಟಕದ ಎರಡನೇ ಅಂಕೇನು?"

"ಆಕಿದಲ್ರಿ, ನಮ್ದು," ಎಂದಳು ಕಾಳವ್ವತ್ತಿ. "ಆಯಿಲ್ ಹಾಕಸ್ರಿ, ಏರತೇವಿ."

ಸರ್ ತಾವು ಆ ಜೀಪನ್ನು ಹೇಗೆ ಜೋಪಾನ ಮಾಡಿಕೊಂಡು ಬಂದಿದ್ದಾರೆ ಎಂದು ಹೇಳತೊಡಗಿದರು. ಅದರ ವಯಸ್ಸು ತಮ್ಮ ವಯಸ್ಸಿಗಿಂತ ಹೆಚ್ಚಂತೆ, ಇಂಥದು ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲವಂತೆ. ಆಯಿಲ್ ಹಾಕಿದರೆ ನಿಂತಲ್ಲೆಲ್ಲ ಸೋರುತ್ತದೆ, ನಿಮಗೆ ಅರ್ಥವಾಗುವುದಿಲ್ಲ ಎಂದರು.

"ಸರ್ರ, ಅದರ ಬುಡಕ ಒಂದ ಹಳೀ ಪರಾತ ಇಡ್ರೆಲಾ," ಎಂದಳು ಸುಗರಾಬಿ ಚಿಗವ್ವ. "ಮಳಿಗಾಲದಾಗ ನಮ್ಮ ಮನ್ಯಾಗ ಇಡತೇವಿ. ಬೇಕಂದ್ರ ನಂದ ಕೊಡತೇನಿ. ತೂತ ಇಲ್ಲ ಅದಕ್ಕ."

ಎಲ್ಲರೂ ನಕ್ಕುಬಿಟ್ಟರು. ಅಮೋಘಿ ಬಾನೆಟ್ಟಿನೊಳಗೆ ಮುಖ ಅಡಗಿಸಿ ನಕ್ಕ. ಸರ್ ಮುಖ ಕೆಂಪಾಯಿತು.

"ಗ್ರೀಸಿಂದ ಏನೂ ಆಗಿಲ್ಲ. ತೂಕಡಿಸಿದ್ದಕ್ಕ ಆತು," ಎಂದರು.

ಆಗ ಅಪ್ಪ ಮುಂದೆ ಬಂದ. ಏನು ಹೇಳಲಿದ್ದಾನೆ ಎಂದು ಗೊತ್ತಾಯಿತು. ಬೇಡ ಎಂದು ಅವನ ಅಂಗಿ ಹಿಡಿದೆ. ಅವನು ನನ್ನ ಕೈ ಮೆಲ್ಲಗೆ ಬಿಡಿಸಿಕೊಂಡ.

"ಸರ್ರ, ನಾ ತೂಕಡಿಸಿಲ್ರಿ. ಗ್ರೀಸ ತುಂಬಿದಾವ ನಾನ. ಸ್ಕ್ರೂ ಅರ್ಧ ಸುತ್ತ ಬಿಗಿ ಮಾಡಿದಾವನೂ ನಾನ, ಅದನ್ನ ನಿಮಗ ಹೇಳಿದ್ದಿಲ್ಲ. ಕಾಳವ್ವನ ಕೈ ಮುರದದ್ರಾಗ ನಂದು ಪಾಲೈತಿ. ಆಕಿ ಮುಂದನ ಹೇಳಾಕತ್ತೇನಿ. ಆದ್ರ ಗ್ರೀಸ ಹಾಕು ಅಂತ ಹೇಳಿದಾವ್ರು ನೀವ್ರಿ. ಬಾಕ್ಸ್ ಬಿಚ್ಚಿ ನೋಡೂನು. ನಂದು ಎಷ್ಟು, ನಿಮ್ದು ಎಷ್ಟು, ಸವದ ಕಬ್ಬಿಣ ಹೇಳತೈತಿ."

ಕಾಳವ್ವತ್ತಿ ಅಪ್ಪನ ಕಡೆ ತಿರುಗಿದಳು. "ಆ ದಿನಾನ ಹೇಳಬೇಕಾಗಿತ್ತು ರಾಜಾರಾಮ," ಎಂದಳು. "ಹೌದವ್ವಾ," ಎಂದ.

ಸರ್ ಕಾರು ಹತ್ತಿ ಹೋದರು. ಜೀಪು ಅಲ್ಲೇ ನಿಂತಿತು.

ನನಗೆ ಅಪ್ಪನ ಮೇಲೆ ಸಿಟ್ಟು. ಗೆಲ್ಲುವ ಹೊತ್ತಿಗೆ ತನ್ನ ತಪ್ಪು ತಾನೇ ಎತ್ತಿ ಕೊಡುವವನು ಎಲ್ಲಾದರೂ ಇದ್ದಾನೆಯೇ? ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಬಿಸಿಲಿತ್ತು. ಅವನು ಟವೆಲ್ಲು ತೆಗೆದು ನನಗೆ ಕೊಟ್ಟ. ತಲೆಯ ಮೇಲೆ ಹಾಕಿಕೊಂಡು ಬೈಯುವುದನ್ನು ಮುಂದುವರಿಸಿದೆ.

ಮಾರ್ಚ್ 6, ಗುರುವಾರ

ಬೆಳಿಗ್ಗೆ ಅಮೋಘಿಯ ಕೈಯಲ್ಲಿ ಮಾತು ಬಂತು. ಜೀಪನ್ನು ಖಂಡಪ್ಪನ ಗ್ಯಾರೇಜಿಗೆ ಕಳಿಸುತ್ತಾರಂತೆ, ಬಿಚ್ಚಿಸುತ್ತಾರಂತೆ, ಆದರೆ ರಾಜಾರಾಮ ಅಲ್ಲಿ ಕಾಲಿಡಬಾರದಂತೆ. ಹೆಣ್ಣುಮಕ್ಕಳು ಒಪ್ಪಲಿಲ್ಲ. "ಅವನ ಕೈಲೆ ತುಂಬಿಸಿದ್ದು, ಅವನ ಮುಂದನ ತಗೀಲಿ. ನಮ್ಮ ಮುಂದೂ ತಗೀಲಿ," ಎಂದಳು ಕಾಳವ್ವತ್ತಿ. ಅಮೋಘಿ ಆ ಮಾತು ಹೊತ್ತು ವಾಪಸು ಹೋದ. ಜೀಪು ಮುಟ್ಟಲಿಲ್ಲ.

ಎಲ್ಲರಿಗೂ ತಿಳಿಯಲಿ ಎಂದು ಒಂದು ಚೀಟಿ ಬರೆದುಕೊಡು ಎಂದರು. ಅಂಗಡಿಗೆ ಹೋಗಿ ಜೋಡಿಸಿದೆ. ಜೀಪಿನ ಸ್ಟೇರಿಂಗ್ ಬಾಕ್ಸಿಗೆ ಆಯಿಲ್ ಬದಲು ಗ್ರೀಸು ತುಂಬಲಾಗಿದೆ, ಒಳಗೆ ಒಣಗಿದೆ. ತುಂಬಿಸಿದವರು ಮಾಲೀಕರು, ತುಂಬಿದವನು ಚಾಲಕ. ಸ್ಕ್ರೂ ಬಿಗಿ ಮಾಡಿದವನು ಚಾಲಕ. ಹೊಸ ಸೀಲು ಹಾಕಿ ಆಯಿಲ್ ತುಂಬುವವರೆಗೆ ಯಾರೂ ಏರಬಾರದು. ಬಾಕ್ಸನ್ನು ಎಲ್ಲರ ಎದುರಿಗೆ ಬಿಚ್ಚಬೇಕು. ಇಷ್ಟೇ. ಶೀರ್ಷಿಕೆ ಇಡಲು ಜಾಗವಿತ್ತು, ಏನೂ ಹೊಳೆಯಲಿಲ್ಲ.

ಮಧ್ಯಾಹ್ನ ಅಂಗಡಿಯ ಮುಂದೆ ಕಾರು ನಿಂತಿತು. ಸರ್ ಒಬ್ಬರೇ ಇಳಿದು ಬಂದರು. ಬೈದರೆ ಬೈಯಬೇಕು ಎಂದು ಎದ್ದು ನಿಂತೆ. ಅವರು ಕೌಂಟರಿನ ಮೇಲಿದ್ದ ಹಾಳೆ ಎತ್ತಿಕೊಂಡು ನಿಂತಲ್ಲೇ ಓದಿದರು. ಎರಡು ಸಲ ಓದಿದರು.

"ಇದರಾಗ ನನ್ನ ಹೆಸರ ಇಲ್ಲಲ್ಲ?"

"ಇಲ್ರಿ. ಬಾಕ್ಸಿನ ಸುದ್ದಿ ಐತ್ರಿ."

"ನಿಮ್ಮಪ್ಪನ ಸ್ಕ್ರೂನೂ ಬರದಿ."

"ಬರದೇನ್ರಿ. ನಿಮ್ಮ ಗ್ರೀಸೂ ಬರದೇನ್ರಿ."

ಅವರು ಏನೋ ಹೇಳಲು ಬಾಯಿ ತೆರೆದರು. ನಾನು ಬಿಡಲಿಲ್ಲ. ದನಿ ಏರಿತ್ತು, ಅಂಗಡಿಯವರೆಲ್ಲ ನೋಡುತ್ತಿದ್ದರು. "ಸರ್, ಸೋಮವಾರ ಅವ್ವಗ ಕಡ್ಡಿ ಗೀರಾಕ ಬರಲಿಲ್ರಿ. ಕೈ ಅಷ್ಟು ನಡಗಾಕತ್ತಿದ್ವು. ನಿಮಗ ಗೊತ್ತಿತ್ರಿ. ಗೊತ್ತಿದ್ದೂ ಕುಂದ್ರಿಸಿದ್ರಿ."

ಅವರು ಕನ್ನಡಕ ತೆಗೆದು ಒರೆಸಿದರು. ತಪ್ಪಾಯಿತು ಎನ್ನಲಿಲ್ಲ. ಎನ್ನುತ್ತಾರೆಂದು ನಾನೂ ಕಾಯಲಿಲ್ಲ. ಹಾಳೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಬಾಗಿಲವರೆಗೆ ಹೋದವರು ಅಲ್ಲೇ ನಿಂತರು.

"ರಾಜಾರಾಮ ಬರೂದ ಬೇಕೇನು?"

"ಅಪ್ಪ ಬಂದ್ರನ ಬಿಚ್ಚೂದ್ರಿ."

"ಯಾವಾಗ ಅಂತ ಇದರಾಗ ಬರದಿಲ್ಲ ನೀ."

ಹೌದು, ಬರೆದಿರಲಿಲ್ಲ. ಅವರು ಒಪ್ಪಿದ ಮೇಲೆ ಹಾಕಬೇಕೆಂದು ಕೊನೆಯ ಸಾಲು ಖಾಲಿ ಬಿಟ್ಟಿದ್ದೆ. ಉಳಿದ ಹಾಳೆಗಳನ್ನು ಎಳೆದುಕೊಂಡು, ಅವರ ಎದುರಿಗೇ, ಬರೆಯುತ್ತಾ ಗಟ್ಟಿಯಾಗಿ ಓದಿದೆ:

"ರವಿವಾರ, ಮಾರ್ಚ್ ಒಂಬತ್ತು. ಮುಂಜಾನೆ ಎಂಟು ಗಂಟೆ. ತಿಕೋಟಾ, ಖಂಡಪ್ಪನ ಗ್ಯಾರೇಜು."